ಬಾರದ ಮುಟ್ಟಿನ ತಾರೀಖು

ಎಂಟು ತಿಂಗಳ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸವದತ್ತಿಯ ಆಸ್ಪತ್ರೆಯಲ್ಲಿ ಕೂತಿದ್ದೆ. ಬಸಿರಿನ ಪರೀಕ್ಷೆಯಲ್ಲಿ ಎರಡು ಗೆರೆ ಬಂದಿದ್ದವು. ನರ್ಸ್ ಕಾರ್ಡು ತೆಗೆದುಕೊಂಡರು.

"ಕಡೀ ಮುಟ್ಟು ಯಾವಾಗ ಆಗಿತ್ತು, ತಂಗಿ?"

"ಈ ಕೂಸು ಹುಟ್ಟಿದ ಮ್ಯಾಲ ಆಗೇ ಇಲ್ರಿ. ಹಿಂದಿಂದು ಬೇಕಂದ್ರ ಹೇಳತೇನಿ, ತಾರೀಖು, ವಾರ ಎಲ್ಲಾ ಬರದಿಟ್ಟೇನಿ."

"ಅದು ಈಕೀ ಲೆಕ್ಕ ಆತು. ಹೊಟ್ಟ್ಯಾಗಿಂದಕ್ಕ ಬ್ಯಾರೆ ತಾರೀಖು ಬೇಕಲ್ಲಾ!" ಎಂದು ನಕ್ಕರು.

ಸಿಲಿಂಡರ್ ಬದಲಿಸಿದ ದಿನವನ್ನೂ ಡೈರಿಯಲ್ಲಿ ಬರೆಯುವವಳು ನಾನು. ಹೆರಿಗೆಯಾದ ಮೇಲೆ ಯಾವ ಹೊತ್ತಿಗೆ ಯಾವ ಮೊಲೆ ಕುಡಿಸಿದೆ ಎಂದು ಗೆರೆ ಹಾಕುತ್ತಿದ್ದೆ. ಸುರೇಬಾನದ ತವರಿನಲ್ಲಿ ಬಾಣಂತನ ಮಾಡುತ್ತಾ ಅವ್ವ ಹೇಳಿದ್ದಳು: "ಹಾಲು ಕುಡಿಸೂತನಾ ಚಿಂತಿಲ್ಲ. ನೀವು ಮೂರೂ ಮಂದಿ ಹಂಗ ಅಂತರ ಇಟಗೊಂಡ ಹುಟ್ಟೀರಿ." ನಾನು ನಂಬಿದೆ. ಮೊದಲ ಮುಟ್ಟು ಕಾಣಿಸಲಿ, ಆ ದಿನದಿಂದ ಎಚ್ಚರವಾಗಿದ್ದರಾಯಿತು ಎಂದುಕೊಂಡೆ. ಐದನೇ ತಿಂಗಳಿಗೆ ಸವದತ್ತಿಗೆ ಬಂದು ಮತ್ತೆ ಸಾಲೆಯ ಕೆಲಸಕ್ಕೆ ಸೇರಿದೆ. ಹಗಲು ಅತ್ತೆ ಆಕಳ ಹಾಲು, ರವೆಯ ಗಂಜಿ ಕುಡಿಸುತ್ತಿದ್ದರು. ನನ್ನ ಗೆರೆಗಳು ಕಡಿಮೆಯಾದವು. ಮುಟ್ಟಿನ ಜಾಗ ಮಾತ್ರ ಖಾಲಿಯೇ ಇತ್ತು, ಅದನ್ನು ನೋಡಿ ನಿಶ್ಚಿಂತಳಾಗಿದ್ದೆ.

"ಬರೇ ಎದೀ ಹಾಲು, ಹಗಲೂ ರಾತ್ರಿ. ಕೂಸಿಗೆ ಆರು ತಿಂಗಳ ಒಳಗ. ಮುಟ್ಟೂ ಆಗಿರಬಾರದು. ಮೂರೂ ಕೂಡಿದ್ರ ಅಷ್ಟ ನಂಬಬೇಕು," ಎಂದರು ನರ್ಸ್. "ಬಸರು ಕಟ್ಟೂ ತತ್ತಿ ಮೊದಲ ಬರತೈತಿ ತಂಗಿ, ಮುಟ್ಟು ಅದರ ಹಿಂದ."

ನಾನು ಕಾಯುತ್ತಿದ್ದದ್ದು ಹಿಂದೆ ಬರುವುದನ್ನು.

ಏಳುವಾಗ ಒಂದೇ ಮಾತು ಕೇಳಿದೆ: ಇವಳಿಗೆ ಹಾಲು ಬಿಡಿಸಬೇಕೇ? "ಬ್ಯಾಡ. ಕುಡಸು, ನೀ ಚಲೋತ್ನಾಗಿ ಉಣ್ಣು," ಎಂದರು. ಆ ಮಾತೊಂದನ್ನು ಹಿಡಿದುಕೊಂಡು ಮನೆಗೆ ಬಂದೆ.

ಅತ್ತೆ ಒಪ್ಪಲಿಲ್ಲ. "ಬಸರಿ ಹಾಲು ಕೂಸಿಗೆ ಜಡ್ಡು. ಇವತ್ತ ಬಿಡಸೂದು."

"ಕುಡಿಸಬಹುದಂತ ಸಿಸ್ಟರ್ ಹೇಳ್ಯಾರ್ರಿ, ಅತ್ತಿ."

"ಭೇದಿ ಹತ್ತಿದ್ರ ನಿಮ್ಮ ಸಿಸ್ಟರ್ ಬಂದು ಬಳೀತಾಳೇನು?"

ಗಂಡನ ಕಡೆ ನೋಡಿದೆ. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಅವ್ವ ಹೇಳಿದಂಗ ಮಾಡಿಬಿಡು. ಆಕಿ ನಾಕು ಮಕ್ಕಳನ್ನ ಸಾಕ್ಯಾಳ."

ಅತ್ತೆ ಬೇವಿನ ಎಲೆ ಅರೆದು ತಂದರು. ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಮೊಮ್ಮಗಳಿಗೆ ಬೇನೆ ಬಂದೀತೆಂಬ ಹೆದರಿಕೆ ಅಷ್ಟೆ. ನಾನೇ ಎರಡೂ ಮೊಲೆಗೆ ಹಚ್ಚಿಕೊಂಡೆ. ಮಗಳು ಎಂದಿನಂತೆ ಅವಸರದಿಂದ ಬಾಯಿ ಹಾಕಿ, ಮುಖ ಕಿವುಚಿದಳು. ಇನ್ನೊಂದು ಬದಿಗೆ ತಾನೇ ಹೊರಳಿದಳು. ಅಲ್ಲಿಯೂ ಕಹಿ. ಕೂಡಲೇ ಅಳಲಿಲ್ಲ, ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಳು ತೆಗೆದಳು. ಅತ್ತೆ ಎತ್ತಿಕೊಂಡು ಅಂಗಳಕ್ಕೆ ಹೋಗಿ ಕಾಗೆ ತೋರಿಸತೊಡಗಿದರು.

ಅಳು ಕೇಳುತ್ತಿದ್ದಂತೆ ನನಗೆ ಹಾಲಿಳಿಯಿತು. ಬೇವಿನ ಹಸಿರು ಕರಗಿ ರವಿಕೆಗೆಲ್ಲ ಹರಡಿತು. ಎರಡೂ ಅಂಗೈಗಳಿಂದ ಒತ್ತಿ ಹಿಡಿದೆ. ನಿಲ್ಲಲಿಲ್ಲ.