ಹುಲ್ಲಕ್ಕನ ನಲವತ್ತಮೂರು ಜೀವಗಳು

ಸೂರ್ಯ ಇನ್ನೂ ಕಾಂಪೌಂಡ್ ಗೋಡೆ ದಾಟಿಲ್ಲ. ಸ್ಮಶಾನದ ಹಿಂಬದಿಯ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತ ಹೆಂಗಸು ಕುಡುಗೋಲು ಬದಿಗಿಟ್ಟು ನೆಲ ನೋಡುತ್ತಿದ್ದಾರೆ. ಹುಲ್ಲೆಲ್ಲ ಇಬ್ಬನಿ, ನಡುವೆ ಗೇಣಗಲದ ಒಂದು ಗೆರೆಯಲ್ಲಿ ಮಾತ್ರ ಹನಿಗಳಿಲ್ಲ. "ಮೊಲ ಹೋಗಿದೆ, ಈಗಷ್ಟೇ," ಅನ್ನುತ್ತಾರೆ. ಪಕ್ಕದ ಗೋರಿಯ ಮೇಲೆ ಬಿದ್ದ ಬೂದು ಉಂಡೆಯನ್ನು ಕಡ್ಡಿಯಿಂದ ಬಿಡಿಸುತ್ತಾರೆ. ಕೂದಲು, ಸೂಜಿಯಂಥ ಮೂಳೆಗಳು. "ಗೂಬೆ ಕಕ್ಕಿದ್ದು. ಮೂರು ಇಲಿ ನುಂಗಿದ್ದಾನೆ ಮಹಾರಾಯ."

ಎಲ್ಲರ ಬಾಯಲ್ಲೂ ಇವರು ಹುಲ್ಲಕ್ಕ. ಗಂಡ ಇಲ್ಲೇ ಗುಂಡಿ ತೋಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಗುದ್ದಲಿ ಬೇರೆಯವರ ಕೈಗೆ ಹೋಯಿತು, ಹುಲ್ಲು ಇವರ ಪಾಲಿಗೆ ಬಂತು. ಹತ್ತೊಂಬತ್ತು ವರ್ಷವಾದರೂ ಗುತ್ತಿಗೆಯ ಕೆಲಸವೇ. ಹನ್ನೊಂದು ಎಕರೆ, ಸುಮಾರು ನಾಲ್ಕು ಸಾವಿರ ಗೋರಿ. ಕೊಯ್ಯುತ್ತಾ ಆ ತುದಿ ಮುಟ್ಟಲು ಎರಡು ತಿಂಗಳು ಬೇಕು. ಅಷ್ಟರಲ್ಲಿ ಈ ತುದಿಯಲ್ಲಿ ಮೊಣಕಾಲುದ್ದ ಬೆಳೆದಿರುತ್ತದೆ.

"ಮೊದಮೊದಲು ಹೆದರಿಕೆ ಆಗ್ತಿತ್ತು. ಆಮೇಲೆ ನೋಡಿದ್ರೆ ಊರಲ್ಲಿರೋದಕ್ಕಿಂತ ಜಾಸ್ತಿ ಜೀವ ಇಲ್ಲೇ ಇದೆ. ಸತ್ತೋರು ಯಾರನ್ನೂ ಓಡಿಸಲ್ಲ ನೋಡಿ."

ಎರಡು ವರ್ಷದ ಹಿಂದೆ ಕಾಲೇಜಿನ ತಂಡವೊಂದು ಜೀವಿಗಳ ಪಟ್ಟಿ ಮಾಡಲು ಬಂತು. ಎಂಟು ಬೆಳಗು ಹುಲ್ಲಕ್ಕ ಮುಂದೆ, ಅವರು ಹಿಂದೆ. ಮುಂಗುಸಿಯ ಬಿಲ, ಹಾವಿನ ಪೊರೆ, ಬಾವಲಿ ನೇತಾಡುವ ಕೊಂಬೆ, ಎಲ್ಲ ತೋರಿಸಿದ್ದು ಇವರೇ. ಒಟ್ಟು ನಲವತ್ತಮೂರು ಬಗೆ. ಈಗ ಗೇಟಿನ ಬಳಿ ದೊಡ್ಡ ಫಲಕವಿದೆ. ಅದರಲ್ಲಿ ಏಳು ಜನರ ಹೆಸರು, ಕೊನೆಗೆ 'ಸ್ಥಳೀಯರ ನೆರವಿನಿಂದ' ಎಂಬ ಸಣ್ಣ ಸಾಲು. "ಆ ಸ್ಥಳೀಯರು ನಾನೇ ಅಂತೆ. ಮಗಳು ಓದಿ ಹೇಳಿದ್ಲು," ಎಂದು ನಗುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು?

ಫಲಕ ನೋಡಿ ಜನ ಬರತೊಡಗಿದರು. ಜನ ಬಂದರೆಂದು ಜಾಗ ಚೆಂದ ಕಾಣಬೇಕಾಯಿತು. ಹುಲ್ಲು ಕತ್ತರಿಸುವ ಯಂತ್ರ ಬಂತು. ಕಳೆದ ತಿಂಗಳು ಅದು ಬಂದ ದಾರಿಯಲ್ಲಿ, ಬರಿ ನೆಲದ ಮೇಲೆ, ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆಗಳಿದ್ದವು. ಹುಲ್ಲಕ್ಕ ಅಡ್ಡ ನಿಂತರು. ಯಂತ್ರದವನು ನಿಲ್ಲಿಸಿ ಮೇಸ್ತ್ರಿಗೆ ಫೋನು ಮಾಡಿದ. ಮೇಸ್ತ್ರಿ ಬಂದು, "ಸ್ಮಶಾನದಲ್ಲಿ ಮೊಟ್ಟೆ ಕಾಯ್ತಾ ಕೂತ್ರೆ ಆಗುತ್ತೇನಮ್ಮಾ? ಸರಿ ಆ ಕಡೆ," ಎಂದರು.

"ಸರಿದೆ," ಎನ್ನುತ್ತಾರೆ ಹುಲ್ಲಕ್ಕ. "ಸರೀಬಾರದಿತ್ತು. ಕೆಲಸ ಹೋಗುತ್ತೆ ಅಂತ ಸರಿದೆ. ಎರಡು ದಿನ ಆ ತಾಯಿ ನನ್ನ ತಲೆ ಮೇಲೇ ಚೀರ್ಕೊಂಡು ಸುತ್ತಿತು."

ಅದೇ ಜೋಡಿ ಈಗ ಈ ಹಿಂಬದಿಯ ಸಾಲಿನಲ್ಲಿ ಮತ್ತೆ ಮೊಟ್ಟೆಯಿಟ್ಟಿದೆ. ಸೋಮವಾರ ಯಂತ್ರದ ಸರದಿ ಇಲ್ಲಿ. ಮಗಳ ಕೈಲಿ ಅರ್ಜಿ ಬರೆಸಿ ಕಚೇರಿಗೆ ಕೊಟ್ಟಿದ್ದಾರೆ; ಮುದ್ರೆ ಬಿದ್ದಿದೆ, ಉತ್ತರ ಬಂದಿಲ್ಲ.

"ಫಲಕದಲ್ಲಿ ನನ್ನ ಹೆಸರು ಹಾಕಿ ಅಂತ ಬರೆಸಿಲ್ಲ. ಇಪ್ಪತ್ತು ದಿನ ತಡೀರಿ ಅಂದೆ, ಅಷ್ಟೇ. ಮೊಟ್ಟೆ ಒಡೆದ ದಿನಾನೇ ಮರಿಗಳು ಓಡ್ತವೆ. ಇಲ್ಲಿ ಮಲಗಿರೋರಲ್ಲಿ ಯಾರಿಗಿದೆ ಅವಸರ, ನೀವೇ ಹೇಳಿ?"