ಅಣಕು ಆಸ್ಪತ್ರೆಗಳ ‘ಮತ್ತೊಮ್ಮೆ ಮೇಡಂ’

ಬೆಳಗಿನ ಐದೂವರೆ. ವಿಶ್ವವಿದ್ಯಾಲಯದ ಮೂರನೆಯ ಮಹಡಿಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಕೋಣೆಯಲ್ಲಿ. ಕಾರಿಡಾರ್ ಒರೆಸುವ ಅಕ್ಕ ಬಕೆಟ್ ಕೆಳಗಿಟ್ಟು ಇಣುಕುತ್ತಾರೆ.

“ಉತ್ತರ ಬಂತಾ ಮೇಡಂ?”

“ಎಲ್ಲಿ ಬರುತ್ತೆ ಅಕ್ಕ! ಹನ್ನೆರಡು ಬರಬೇಕಿತ್ತು, ಈ ಕಂಪ್ಯೂಟರ್ ಹದಿನೈದು ಅಂತ ಹಟ ಹಿಡಿದಿದೆ. ಮತ್ತೊಮ್ಮೆ ನೋಡೋಣ.”

ಈ ಮಾತಿನಿಂದಲೇ ಅವರಿಗೆ ‘ಮತ್ತೊಮ್ಮೆ ಮೇಡಂ’ ಎಂಬ ಹೆಸರು ಅಂಟಿಕೊಂಡಿದೆ. ಎಂಟರ ನಂತರ ಬಂದರೆ ದೊಡ್ಡ ಕಂಪ್ಯೂಟರ್ ವಿದ್ಯಾರ್ಥಿಗಳ ಪಾಲು. ಅದಕ್ಕೇ ಈ ಕೋಳಿ ಕೂಗುವ ಹೊತ್ತಿನ ಹಾಜರಿ.

ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಬೇಕು, ರೋಗಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ತಿಳಿಯಲು ಸಂಶೋಧಕರು ಕಂಪ್ಯೂಟರಿನೊಳಗೆ ಅಣಕು ಆಸ್ಪತ್ರೆಯೊಂದನ್ನು ಕಟ್ಟುತ್ತಾರೆ. ಬಂದ ಉತ್ತರವನ್ನು ಲೇಖನವಾಗಿ ಪ್ರಕಟಿಸುತ್ತಾರೆ. ಆ ಲೇಖನವನ್ನಷ್ಟೇ ಓದಿ ಬೇರೆಯವರು ಅದೇ ಆಸ್ಪತ್ರೆ ಕಟ್ಟಿದರೆ ಅದೇ ಉತ್ತರ ಬರುತ್ತದೆಯೇ? ಇದನ್ನು ನೋಡುವುದೇ ಮೇಡಂ ಕೆಲಸ. ಮಾಹಿತಿ ಎಲ್ಲಿಂದ ತಂದಿರಿ, ಪ್ರೋಗ್ರಾಮನ್ನು ಎಷ್ಟು ಸಲ ಓಡಿಸಿ ನೋಡಿದಿರಿ ಎಂಬಂಥ ಮೂವತ್ತು ಪ್ರಶ್ನೆಗಳ ಪಟ್ಟಿ ಅವರ ಮೇಜಿನ ಮೇಲಿದೆ.

ಹತ್ತು ವರ್ಷಗಳಲ್ಲಿ ಇಂಥ ನೂರ ನಲವತ್ತು ಅಣಕು ಆಸ್ಪತ್ರೆಗಳು ಅವರ ಕೈ ದಾಟಿವೆ. ಲೇಖನದಲ್ಲಿ ಹೇಳಿದ ಉತ್ತರವನ್ನೇ ಕೊಟ್ಟವು ಇಪ್ಪತ್ತೆರಡು. “ಪ್ರೋಗ್ರಾಮ್ ಕೇಳಿದರೆ ಕೊಡ್ತೀವಿ ಅಂತ ಲೇಖನದಲ್ಲಿ ಬರೆದಿರ್ತಾರೆ. ಕೇಳಿದರೆ ಮೌನವ್ರತ!” ಎಂದು ನಗುತ್ತಾರೆ. ಬಸ್ ಓಡಿಸುವ ಪತಿರಾಯರ ದೂರು ಬೇರೆಯೇ: “ನಾನು ಏನು ಹೇಳಿದ್ರೂ, ಎಲ್ಲಿ ಇನ್ನೊಂದು ಸಲ ಹೇಳಿ ಅಂತಾಳೆ. ಎರಡನೇ ಸಲ ಒಂದು ಪದ ಆಚೀಚೆ ಆದರೂ ಸಿಕ್ಕಿಬಿದ್ದೆ ಅಂತಲೇ ಲೆಕ್ಕ.”

ಈ ಕೆಲಸಕ್ಕೆ ಬರುವ ಮುಂಚೆ ಮೇಡಂ ಹನ್ನೆರಡು ವರ್ಷ ಆಸ್ಪತ್ರೆಯೊಂದರ ನೋಂದಣಿ ಕೌಂಟರಿನಲ್ಲಿದ್ದರು. ಮಗಳು ಶಾಲೆಗೆ ಸೇರಿದ ಮೇಲೆ ತಾವೂ ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತರು. ಮೊದಲ ಪರೀಕ್ಷೆಯಲ್ಲಿ ಡುಮ್ಕಿ. ಅದನ್ನೂ ಮತ್ತೊಮ್ಮೆ ಬರೆದರು.

ಹಳೆಯ ಕೌಂಟರಿನ ಅನುಭವ ಕೈಹಿಡಿದದ್ದು ಕಳೆದ ವರ್ಷ. ತುರ್ತು ವಿಭಾಗಕ್ಕೆ ಹದಿನೆಂಟು ಹಾಸಿಗೆ ಬೇಡ, ಹದಿನಾಲ್ಕೇ ಸಾಕು, ರೋಗಿ ಕಾಯುವುದು ಬರೀ ಹತ್ತೊಂಬತ್ತು ನಿಮಿಷ ಎಂದಿತ್ತು ಒಂದು ಲೇಖನ. ಅದನ್ನು ನಂಬಿದ ಆಸ್ಪತ್ರೆಯೊಂದು ಮುಂದಿನ ತಿಂಗಳು ನಾಲ್ಕು ಹಾಸಿಗೆ ತೆಗೆಯಲು ಹೊರಟಿತ್ತು. ಮೇಡಂ ಅದೇ ವಿವರ ಇಟ್ಟುಕೊಂಡು ತಾವೇ ಕಟ್ಟಿ ಓಡಿಸಿದರೆ ನಲವತ್ತೇಳು ನಿಮಿಷ! ಮೂರು ವಾರ ತಲೆ ಕೆರೆದುಕೊಂಡರು. ತಪ್ಪು ತಮ್ಮದೇ ಇರಬೇಕೆಂದು ಎರಡು ಸಲ ಬುಡದಿಂದ ಕಟ್ಟಿದರು. ಊಹೂಂ, ಜಪ್ಪಯ್ಯ ಅಂದರೂ ಉತ್ತರ ಬದಲಾಗಲಿಲ್ಲ.

ಕೊನೆಗೆ ಲೇಖಕರಿಗೇ ಫೋನು. “ನಮ್ಮಲ್ಲಿ ಸರಿಯಾಗೇ ಬರುತ್ತಲ್ಲ ಮೇಡಂ” ಎಂದು ಅವರು ಸಿಡುಕಿದರು.

“ಸರ್, ನಿಮ್ಮ ಅಣಕು ಆಸ್ಪತ್ರೆಯಲ್ಲಿ ಬೆಳಗಿನ ಜಾವ ಎಷ್ಟು ಜನ ಕಾಯ್ತಿರ್ತಾರೆ? ನಾನು ಕೌಂಟರ್ ತೆರೆದಾಗೆಲ್ಲ ಹಿಂದಿನ ದಿನದವರು ಬೆಂಚಿನ ಮೇಲೆ ಇದ್ದೇ ಇರ್ತಿದ್ರು.”

ಆ ಕಡೆ ಕೀಲಿಮಣೆಯ ಸದ್ದು. ಆಮೇಲೆ ನಿಟ್ಟುಸಿರು. “ಅಯ್ಯೋ! ಪ್ರತಿದಿನ ಖಾಲಿ ಆಸ್ಪತ್ರೆಯಿಂದ ಶುರು ಮಾಡಿಬಿಟ್ಟಿದ್ದೀನಿ.”

ಅಂದರೆ ದಿನ ಮುಗಿಯುತ್ತಿದ್ದಂತೆ ಆ ಅಣಕು ಆಸ್ಪತ್ರೆಯ ರೋಗಿಗಳೆಲ್ಲ ಮಂಗಮಾಯ! ಮರುದಿನದವರಿಗೆ ಹಾಸಿಗೆಗಳೆಲ್ಲ ಖಾಲಿ. ಲೇಖನದಲ್ಲಿ ಈ ಸಂಗತಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಲೇಖಕರು ದೊಡ್ಡ ಮನಸ್ಸಿನವರು. ಅಂದೇ ಆಸ್ಪತ್ರೆಗೆ ಪತ್ರ ಬರೆದು ತಪ್ಪೊಪ್ಪಿಕೊಂಡರು. ಹಾಸಿಗೆ ತೆಗೆಯುವ ತೀರ್ಮಾನ ನಿಂತಿತು. ಲೇಖನಕ್ಕೆ ಅವರು ಪ್ರಕಟಿಸಿದ ತಿದ್ದುಪಡಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಮೇಡಂಗೆ ಒಂದು ಸಾಲಿನ ಕೃತಜ್ಞತೆ ಇದೆ. ಅಷ್ಟೇ.

“ಬೇಜಾರಿಲ್ವಾ?” ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಒಂದು ಭಾನುವಾರ ಎರಡು ಬಸ್ ಬದಲಿಸಿ ತಾವೇ ಆ ಆಸ್ಪತ್ರೆಗೆ ಹೋಗಿಬಂದದ್ದನ್ನು ಸಂಕೋಚದಿಂದಲೇ ಹೇಳುತ್ತಾರೆ.

“ಬಾಗಿಲಲ್ಲೇ ನಿಂತು ಎಣಿಸಿದೆ. ಹದಿನೆಂಟು ಹಾಸಿಗೆಯಲ್ಲೂ ಜನ ಇದ್ರು. ನರ್ಸಮ್ಮ ಬಂದು, ಯಾರನ್ನ ನೋಡಬೇಕಿತ್ತು ಅಂದ್ರು. ಏನಂತ ಹೇಳಲಿ? ಎಲ್ಲರನ್ನೂ ನೋಡಿ ಆಯ್ತಮ್ಮ ಅಂದು ಬಂದುಬಿಟ್ಟೆ.”