ಹಳ್ಳ ದಾಟಬೇಕಾದ ಕೂಗು

ಬೆಳಕು ಹರಿಯುವ ಹೊತ್ತು, ಹೊಲದಂಚಿನ ಹಳ್ಳದ ಮೇಲೆ ಇನ್ನೂ ಮಂಜು. ಸಂಶಿ ಊರಿನ ಎರೆಹೊಲದಲ್ಲಿ ಬಿಳಿಜೋಳದ ತೆನೆಗೆ ಹಾಲು ತುಂಬಿದೆ. ನಾಲ್ಕು ಕಂಬದ ಅಟ್ಟಣಿಗೆಯ ಮೇಲೆ ಮೈಲಾರವ್ವ ಕವಣೆ ಹಿಡಿದು ಕುಳಿತಿದ್ದಾರೆ. ಗುಬ್ಬಿಗಳ ಹಿಂಡು ಇಳಿಯುತ್ತಿದೆ, ಅವರಿನ್ನೂ ಕೂಗಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಇದು ಅವರ ಮೊದಲ ಸುಗ್ಗಿ.

ಹಕ್ಕಿ ಕಾಯುವುದೆಂದರೆ ಬರೀ ಕಲ್ಲು ಬೀಸುವುದಲ್ಲ. ಒಂದು ಹೊಲದಿಂದ ಎದ್ದ ಹಿಂಡು ಇನ್ನೊಂದಕ್ಕೆ ಇಳಿಯಬಾರದು. ಇತ್ತ ಮೈಲಾರವ್ವ ‘ಹೋ’ ಎಂದು ಎಳೆದ ದನಿ ಹಳ್ಳ ದಾಟಿದೊಡನೆ, ಅತ್ತಣ ಹೊಲದ ರೇವವ್ವ ಅದನ್ನು ಎತ್ತಿಕೊಳ್ಳಬೇಕು. ಆಗಷ್ಟೇ ಹಿಂಡು ದೂರದ ಜಾಲಿಗಿಡಗಳತ್ತ ಸರಿಯುತ್ತದೆ. ಮೈಲಾರವ್ವ ಕೂಲಿಗೆ ಕಾಯುವವರು, ರೇವವ್ವ ಸ್ವಂತ ಹೊಲದವರು. ಇಪ್ಪತ್ತು ಸುಗ್ಗಿಗಳಿಂದ ಇಬ್ಬರದೂ ಒಂದೇ ಕೂಗು.

ಎರಡು ವರ್ಷಗಳ ಹಿಂದೆ ಮೈಲಾರವ್ವ ಅಟ್ಟಣಿಗೆಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡರು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿದಾಗ ಯಾರೂ ಹುಡುಕದೆ ಇದ್ದುದೊಂದು ಕಂಡಿತು: ಬಲ ಶ್ವಾಸಕೋಶದಲ್ಲಿ ಮಬ್ಬುಗಾಜಿನಂಥ ಪುಟ್ಟ ಕಲೆ. ಕೆಮ್ಮಿಲ್ಲ, ನೋವಿಲ್ಲ. ಕಾದು ನೋಡಿದರು. ಮುಂದಿನ ಸ್ಕ್ಯಾನಿನಲ್ಲಿ ಅದು ತುಸು ದೊಡ್ಡದಾಗಿತ್ತು. ಕ್ಯಾನ್ಸರ್ ಆಗಿರಲಿಕ್ಕಿಲ್ಲ, ಆಗುವ ದಾರಿಯಲ್ಲಿರಬಹುದು. ಆ ಭಾಗವನ್ನಷ್ಟೇ ತೆಗೆದುಬಿಡೋಣ ಎಂದರು ವೈದ್ಯರು.

“ನೋವಿಲ್ಲದ ಜಾಗಕ್ಕ ಚೂರಿ ಯಾಕ್ರಿ ಸಾಹೇಬ್ರ, ಅಂದೆ. ಆಮ್ಯಾಲ ಹೊಲಾ ನೆನಪಾತು. ಕಾಡಿಗಿ ರೋಗ ಬಿದ್ದ ತೆನಿ, ಕರಿ ಪುಡಿ ಉದುರಿ ಉಳಿದ ತೆನಿಗೆ ಹತ್ತೂಕಿಂತ ಮೊದಲ ಕಿತ್ತ ಹಾಕ್ತೀವಲ್ರಿ. ಹೂಂ ಅಂದೆ. ಒಂದ ಕೇಳ್ಕೊಂಡೆ, ನನ್ನ ದಮ್ಮ ಉಳಿಸ್ರಿ, ಕೂಗಾಕ ಬೇಕು ಅಂತ,” ಎಂದು ನನಗೆ ಹೇಳಿದ್ದರು ಮೈಲಾರವ್ವ.

ಪಕ್ಕೆಯ ಸಣ್ಣ ರಂಧ್ರಗಳ ಮೂಲಕ ಆ ತುಣುಕು ಹೊರಬಂತು. ಕ್ಯಾನ್ಸರಿನ ಮುಂಚಿನ ಹಂತ, ಬೇರೆ ಔಷಧ ಬೇಕಿಲ್ಲ ಎಂದಿತು ವರದಿ. ಮರುದಿನ ಕಫ ಕಟ್ಟದಿರಲೆಂದು ನರ್ಸ್ ಜೋರಾಗಿ ಕೆಮ್ಮಲು ಹೇಳಿದಾಗ ಮೈಲಾರವ್ವ ಕೆಮ್ಮುವ ಬದಲು ಹಕ್ಕಿ ಎಬ್ಬಿಸುವ ಕೂಗು ಹಾಕಿದರು. “ಬಾಜು ಹಾಸಿಗಿಯಾಕಿ ಗಾಬರಿಯಾಗಿ ಎದ್ದ ಕುಂತ್ಲು. ನನ್ನ ದನಿ ಬಾಗಲಾನೂ ದಾಟಲಿಲ್ರಿ.”

ಈಗ ಕೊಡ ಹೊರುತ್ತಾರೆ, ಕಳೆ ಕೀಳುತ್ತಾರೆ. ಆದರೆ ಬದುವಿನ ಮೇಲೆ ನಿಂತಾಗಲೆಲ್ಲ ಕಣ್ಣು ಹಳ್ಳದಾಚೆಗೇ ಹೋಗುತ್ತದೆ. ಕೂಗು ಅಲ್ಲಿಯವರೆಗೆ ಮುಟ್ಟೀತೇ?

ಮೈಲಾರವ್ವ ಉಸಿರು ತುಂಬಿಕೊಳ್ಳುತ್ತಾರೆ. ಕೂಗು ಹೊರಡುತ್ತದೆ, ನಡುವೆಯೇ ಕಡಿಯುತ್ತದೆ. ಗುಬ್ಬಿಗಳು ಏಳುತ್ತವೆ. ಆಚೆ ಸದ್ದಿಲ್ಲ. ಹಿಂಡು ಹಳ್ಳದ ಮೇಲೊಂದು ಸುತ್ತು ಹಾಕುತ್ತದೆ. ಆಗ ‘ಹೋ’ ಎಂಬ ಮರುಕೂಗು ಬರುತ್ತದೆ, ಬಲು ಹತ್ತಿರದಿಂದ. ಮಂಜು ಸರಿದಾಗ ಕಾಣುತ್ತದೆ: ಹೊಲದ ನಡುವಿರುತ್ತಿದ್ದ ರೇವವ್ವನ ಅಟ್ಟಣಿಗೆ ಹಳ್ಳದ ದಂಡೆಗೇ ಬಂದಿದೆ.

“ಇಲ್ಲ್ಯಾಕ ಬಂದಿ ಬೇ?”

“ನನ್ನ ಹೊಲಾ, ನನ್ನ ಅಟ್ಟಣಿಗಿ. ನಿನ್ನ ಕೇಳಿ ಹಾಕ್ಬೇಕನ?”

ಮೈಲಾರವ್ವ ನಕ್ಕು ಕವಣೆ ಎತ್ತಿಕೊಳ್ಳುತ್ತಾರೆ. ಆಮೇಲೆ ತಗ್ಗಿದ ದನಿಯಲ್ಲಿ, ಕೆಳಗೆ ನಿಂತ ನನಗೆ ಹೇಳುತ್ತಾರೆ:

“ಹೊಲದ ನಡುವ ಕುಂತ್ರನ ಆಕಿಗೆ ನಾಕೂ ಕಡಿ ಕಾಣತೈತ್ರಿ. ಮುಂದಿನ ಸುಗ್ಗಿಗೆ ದನಿ ಗಟ್ಟಿ ಮಾಡ್ಕೊಂಡು ಆಕಿನ್ನ ಹಳೇ ಜಾಗಕ್ಕ ಹೊಳ್ಳಿ ಕಳಸಬೇಕು. ಮತ್ತೇನ ಬ್ಯಾಡ್ರಿ.”